ಪೆನ್ ಡ್ರೈವಿನಲ್ಲಿ ನಾವು ಹಾಕದ ಫೈಲುಗಳು ಎಲ್ಲಿಂದ ಬರುತ್ತವೆ?

ಪ್ರಶ್ನೆ: ಮ್ಯಾಕ್ ಕಂಪ್ಯೂಟರಿನಿಂದ ಸುಮಾರು ಸಾವಿರ ಹಾಡುಗಳನ್ನು ಪೆನ್ ಡ್ರೈವಿಗೆ ಹಾಕಿಕೊಂಡೆ. ಕಾರಿನ ಪ್ಲೇಯರಿನಲ್ಲಿ ಪ್ರತಿಯೊಂದು ಹಾಡೂ ಎರಡೆರಡು ಸಲ ಕಾಣಿಸುತ್ತದೆ. ಒಂದು ನುಡಿಯುತ್ತದೆ, ಇನ್ನೊಂದು ನುಡಿಯುವುದಿಲ್ಲ. ಅದೇ ಡ್ರೈವನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿ ನೋಡಿದರೆ ಚುಕ್ಕೆಯಿಂದ ಶುರುವಾಗುವ ಹೆಸರಿನ ಹಲವು ಫೈಲುಗಳು, ‘ಸಿಸ್ಟಂ ವಾಲ್ಯೂಮ್ ಇನ್ಫರ್ಮೇಶನ್’ ಎಂಬ ಒಂದು ಫೋಲ್ಡರ್. ಇವುಗಳಲ್ಲಿ ಒಂದನ್ನೂ ನಾನು ಹಾಕಿಲ್ಲ. ಹಳೆಯ ವಿಡಿಯೊಗಳನ್ನು ಮ್ಯಾಕಿನಲ್ಲೇ ಅಳಿಸಿದ್ದರೂ ಡ್ರೈವಿನಲ್ಲಿ ಜಾಗ ಖಾಲಿಯಾಗಿಲ್ಲ. ಇದು ವೈರಸ್ಸೇ? ಇವುಗಳನ್ನೆಲ್ಲ ಅಳಿಸಬಹುದೇ? ಸ್ವಲ್ಪ ದಿನಗಳಲ್ಲಿ ಈ ಡ್ರೈವನ್ನು ಬೇರೆಯವರಿಗೆ ಕೊಡಬೇಕಾಗಿದೆ.

ಉತ್ತರ: ವೈರಸ್ ಅಲ್ಲ. ನೀವು ಹೇಳಿರುವ ಫೈಲುಗಳನ್ನು ಮ್ಯಾಕ್ ಮತ್ತು ವಿಂಡೋಸ್ ತಮ್ಮ ಅನುಕೂಲಕ್ಕೆ ತಾವೇ ಬರೆದುಕೊಂಡಿವೆ. ಎರಡೆರಡು ಕಾಣುವ ಹಾಡುಗಳಲ್ಲಿ ನುಡಿಯದಿರುವವು ಹಾಡುಗಳೇ ಅಲ್ಲ. ಅವುಗಳನ್ನು ಧೈರ್ಯವಾಗಿ ಅಳಿಸಬಹುದು. ಖಾಲಿಯಾಗದ ಜಾಗವನ್ನು ಹಿಡಿದುಕೊಂಡಿರುವುದು ಕಸದ ಬುಟ್ಟಿ. ಇಷ್ಟು ಸುಲಭದ ಭಾಗ. ಆದರೆ ನಿಮ್ಮ ಪ್ರಶ್ನೆಯ ಕೊನೆಯ ಸಾಲೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಈ ಫೈಲುಗಳು ಡ್ರೈವಿಗೆ ಕೆಡುಕು ಮಾಡುವುದಿಲ್ಲ, ಆದರೆ ಡ್ರೈವಿನಲ್ಲಿ ಏನೇನಿತ್ತು, ಯಾವಾಗ ಅಳಿಸಲಾಯಿತು, ಎಲ್ಲಿಂದ ತಂದದ್ದು ಎಂಬುದನ್ನು ಬರೆದಿಟ್ಟುಕೊಂಡಿರುತ್ತವೆ. ಡ್ರೈವ್ ಕೈ ಬದಲಾಯಿಸಿದಾಗ ಆ ಬರಹವೂ ಅದರ ಜೊತೆಯಲ್ಲೇ ಹೋಗುತ್ತದೆ. ಆದ್ದರಿಂದ ಅಳಿಸುವ ವಿಧಾನವನ್ನಷ್ಟೇ ಹೇಳದೆ, ಯಾವುದು ಏನು ಎಂಬುದನ್ನೂ ವಿವರಿಸುತ್ತೇನೆ.

ಮೊದಲು ‘ಅಡಗಿಸುವುದು’ ಎಂದರೇನು ಎಂಬುದನ್ನು ನೋಡೋಣ. ಒಂದೇ ಫೈಲು ಒಂದು ಯಂತ್ರದಲ್ಲಿ ಕಾಣದೆ ಇನ್ನೊಂದರಲ್ಲಿ ಕಾಣುವುದಕ್ಕೆ ಕಾರಣ ಇಲ್ಲೇ ಇದೆ. ಫೈಲುಗಳನ್ನು ಜೋಡಿಸಿಡಲು ಪೆನ್ ಡ್ರೈವುಗಳಲ್ಲಿ ಹೆಚ್ಚಾಗಿ ಬಳಸುವ ಫ್ಯಾಟ್32 ವ್ಯವಸ್ಥೆಯಲ್ಲಿ ಪ್ರತಿ ಫೈಲಿಗೂ 32 ಬೈಟುಗಳ ಒಂದು ದಾಖಲೆ ಇರುತ್ತದೆ. ಅದರಲ್ಲಿ ಒಂದು ಬೈಟ್ ಗುಣಲಕ್ಷಣಗಳಿಗೆ ಮೀಸಲು. ಓದಲು ಮಾತ್ರ, ಅಡಗಿದ್ದು, ಕಾರ್ಯಾಚರಣಾ ವ್ಯವಸ್ಥೆಗೆ ಸೇರಿದ್ದು, ಹೀಗೆ ಒಂದೊಂದು ಬಿಟ್ ಒಂದೊಂದನ್ನು ಸೂಚಿಸುತ್ತದೆ. ವಿಂಡೋಸ್ ನೋಡುವುದು ಈ ಬಿಟ್‌ಗಳನ್ನು. ಯೂನಿಕ್ಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯ ಮನೆತನಕ್ಕೆ ಸೇರಿದ ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿ ರೂಢಿ ಬೇರೆ. ಅಲ್ಲಿ ಹೆಸರು ಚುಕ್ಕೆಯಿಂದ ಶುರುವಾದರೆ ಸಾಕು, ಫೈಲು ಪಟ್ಟಿಯಲ್ಲಿ ಕಾಣುವುದಿಲ್ಲ. ಬೆಲ್ ಲ್ಯಾಬ್ಸ್‌ನ ಯೂನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ ಇದರ ಹುಟ್ಟನ್ನು ವಿವರಿಸಿದ್ದಾರೆ. ಪ್ರತಿ ಫೋಲ್ಡರಿನಲ್ಲೂ ಇರುವ ‘.’ ಮತ್ತು ‘..’ ಎಂಬ ಎರಡು ನಮೂದುಗಳನ್ನು ಪಟ್ಟಿಯಿಂದ ಬಿಡಬೇಕಿತ್ತು. ಪ್ರೋಗ್ರಾಂ ಬರೆದವರು ಪೂರ್ತಿ ಹೆಸರನ್ನು ಹೋಲಿಸದೆ ಮೊದಲ ಅಕ್ಷರ ಚುಕ್ಕೆಯೇ ಎಂದಷ್ಟೇ ಪರೀಕ್ಷಿಸಿದರು. ಅದರಿಂದ ಚುಕ್ಕೆಯಿಂದ ಆರಂಭವಾಗುವ ಎಲ್ಲ ಹೆಸರುಗಳೂ ಮರೆಯಾದವು. ಹಾಗೆ ಆಕಸ್ಮಿಕವಾಗಿ ಬಂದದ್ದು ಇಂದು ಇಡೀ ಜಗತ್ತಿನ ಪದ್ಧತಿ.

ವಿಂಡೋಸ್‌ಗೆ ಹೆಸರಿನ ಮೊದಲಿನ ಚುಕ್ಕೆಗೆ ವಿಶೇಷ ಅರ್ಥವಿಲ್ಲ. ಅಡಗಿಸುವ ಬಿಟ್ ಕೂಡ ಇದ್ದರೆ ಮಾತ್ರ ಅದು ಫೈಲನ್ನು ಮರೆಮಾಡುತ್ತದೆ. ಕಾರಿನ ಪ್ಲೇಯರಾಗಲಿ, ಟಿವಿಯಾಗಲಿ, ಫೋಟೊ ಫ್ರೇಮಾಗಲಿ ಇಂಥ ಯಾವ ಗುರುತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೇ ಇರಬಹುದು. ಅವುಗಳಲ್ಲಿ ಹಲವು ನೋಡುವುದು ಹೆಸರಿನ ಕೊನೆಯಲ್ಲಿ ‘ಎಂಪಿ3’ ಇದೆಯೇ ಎಂಬುದನ್ನು ಮಾತ್ರ. ಇದ್ದರೆ ಅವುಗಳ ಲೆಕ್ಕದಲ್ಲಿ ಅದು ಹಾಡು.

ಈಗ ನಿಮ್ಮ ಜೋಡಿ ಹಾಡುಗಳ ವಿಷಯ. ವಿಂಡೋಸ್‌ನಲ್ಲಿ ನೋಡಿದರೆ ಪ್ರತಿ ಹಾಡಿನ ಹೆಸರಿನಲ್ಲೇ ಇನ್ನೊಂದು ಫೈಲು ಇರುವುದು ಕಾಣುತ್ತದೆ. ವ್ಯತ್ಯಾಸ ಒಂದೇ, ಅದರ ಹೆಸರಿನ ಮೊದಲು ‘._’ ಎಂಬ ಎರಡು ಚಿಹ್ನೆಗಳಿವೆ. ಗಾತ್ರ ಸಾಮಾನ್ಯವಾಗಿ 4 ಕಿಲೋಬೈಟ್. ಇದರ ಹೆಸರು ಆಪಲ್‌ಡಬಲ್ ಫೈಲ್.

ಇದರ ಮೂಲ 1984ರ ಮೊದಲ ಮೆಕಿಂಟಾಷ್‌ನಲ್ಲಿದೆ. ಅದರಲ್ಲಿ ಒಂದು ಫೈಲಿಗೆ ಎರಡು ಭಾಗಗಳಿರುತ್ತಿದ್ದವು. ಒಂದರಲ್ಲಿ ನಿಜವಾದ ದತ್ತಾಂಶ, ಇನ್ನೊಂದರಲ್ಲಿ ಐಕಾನು, ಮೆನು, ಅಕ್ಷರವಿನ್ಯಾಸಗಳಂಥ ಸಂಪನ್ಮೂಲಗಳು. ಬೇರೆ ವ್ಯವಸ್ಥೆಗಳಲ್ಲಿ ಈ ಎರಡನೆಯ ಭಾಗಕ್ಕೆ ಸ್ಥಳವೇ ಇರಲಿಲ್ಲ. 1980ರ ದಶಕದ ಕೊನೆಯಲ್ಲಿ ಆಪಲ್ ತನ್ನ ಎ/ಯುಎಕ್ಸ್ ಎಂಬ ಯೂನಿಕ್ಸ್ ವ್ಯವಸ್ಥೆಗಾಗಿ ಇದಕ್ಕೊಂದು ಪರಿಹಾರ ಹುಡುಕಿತು. ಅದೇ ಈ ಆಪಲ್‌ಡಬಲ್: ದತ್ತಾಂಶ ಒಂದು ಫೈಲಿನಲ್ಲಿ, ಉಳಿದದ್ದು ಅದರ ಜೊತೆಗಾರ ಫೈಲಿನಲ್ಲಿ. ಇಂದಿನ ಮ್ಯಾಕ್‌ಗಳು ಹಳೆಯ ರೀತಿಯ ಸಂಪನ್ಮೂಲ ಭಾಗವನ್ನು ಹೆಚ್ಚು ಬಳಸುವುದಿಲ್ಲ. ಆದರೆ ಫೈಲುಗಳಿಗೆ ‘ವಿಸ್ತೃತ ಗುಣಲಕ್ಷಣ’ಗಳನ್ನು ಅಂಟಿಸುತ್ತವೆ. ನೀವು ಹಚ್ಚಿದ ಬಣ್ಣದ ಟ್ಯಾಗು, ಇಂಟರ್ನೆಟ್ಟಿನಿಂದ ಇಳಿಸಿಕೊಂಡದ್ದು ಎಂಬ ಎಚ್ಚರಿಕೆಯ ಗುರುತು, ಯಾವ ವಿಳಾಸದಿಂದ ಇಳಿಸಿಕೊಂಡಿರಿ ಎಂಬ ಮಾಹಿತಿ, ಇವೆಲ್ಲ ಅದರಲ್ಲಿ ಸೇರುತ್ತವೆ. ಮ್ಯಾಕಿನ ಸ್ವಂತ ಡಿಸ್ಕಿನಲ್ಲಿ ಇವು ಪತ್ರಕ್ಕೆ ಗುಂಡುಸೂಜಿಯಿಂದ ಚುಚ್ಚಿದ ಚೀಟಿಯಂತೆ ಫೈಲಿಗೇ ಅಂಟಿಕೊಂಡಿರುತ್ತವೆ. ಫ್ಯಾಟ್32 ಅಥವಾ ಅದರ ಹೊಸ ರೂಪವಾದ ಎಕ್ಸ್‌ಫ್ಯಾಟ್ ಡ್ರೈವಿಗೆ ನಕಲು ಮಾಡಿದಾಗ ಅಲ್ಲಿ ಹಾಗೆ ಅಂಟಿಸುವ ಸೌಲಭ್ಯವಿಲ್ಲದ ಕಾರಣ ಮ್ಯಾಕ್ ಅವುಗಳನ್ನು ‘._’ ಫೈಲಿನಲ್ಲಿ ಪ್ರತ್ಯೇಕವಾಗಿ ಇಡುತ್ತದೆ.

ವಿಂಡೋಸ್‌ಗೂ ಇದೇ ಸಮಸ್ಯೆ ಎದುರಾಗುತ್ತದೆ, ಆದರೆ ಅದು ಹಿಡಿದ ದಾರಿ ತದ್ವಿರುದ್ಧ. ಅದರ ಎನ್‌ಟಿಎಫ್‌ಎಸ್ ಡಿಸ್ಕುಗಳಲ್ಲಿ ಕೂಡ ಒಂದು ಫೈಲಿಗೆ ಹೆಚ್ಚುವರಿ ‘ಸ್ಟ್ರೀಮ್’ಗಳನ್ನು ಸೇರಿಸಬಹುದು. ಮೆಕಿಂಟಾಷ್ ಫೈಲುಗಳನ್ನು ಇಟ್ಟುಕೊಳ್ಳಲು ಸಾಧ್ಯವಾಗಲಿ ಎಂಬುದೇ ಆ ಸೌಲಭ್ಯದ ಉದ್ದೇಶಗಳಲ್ಲಿ ಒಂದಾಗಿತ್ತು. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಫೈಲಿಗೆ ವಿಂಡೋಸ್ ಹಾಕುವ ಗುರುತೂ ಇಂಥದೊಂದು ಸ್ಟ್ರೀಮಿನಲ್ಲೇ ಇರುತ್ತದೆ. ಆದರೆ ಫ್ಯಾಟ್ ಡ್ರೈವಿಗೆ ನಕಲು ಮಾಡುವಾಗ ವಿಂಡೋಸ್ ಆ ಗುರುತನ್ನು ಕೈಬಿಟ್ಟು ಮುಂದೆ ಹೋಗುತ್ತದೆ. ಮ್ಯಾಕ್ ಏನನ್ನೂ ಕಳೆಯದೆ ಎಲ್ಲವನ್ನೂ ಹೊತ್ತು ತರುತ್ತದೆ. ಫೈಲನ್ನು ಮುಂದೆ ಮತ್ತೊಂದು ಮ್ಯಾಕಿಗೆ ಒಯ್ಯುವವರಿಗೆ ಮ್ಯಾಕಿನ ನಡೆಯೇ ಸರಿ, ಏಕೆಂದರೆ ಅವರ ಟ್ಯಾಗುಗಳು ಹಾಗೇ ಉಳಿಯುತ್ತವೆ. ಕಾರಿನಲ್ಲಿ ಹಾಡು ಕೇಳುವವರಿಗೆ ಅದೇ ಕಿರಿಕಿರಿ. ಡ್ರೈವು ಎಲ್ಲಿಗೆ ಹೋಗುತ್ತದೆ ಎಂಬುದು ಮ್ಯಾಕಿಗೆ ಗೊತ್ತಿಲ್ಲದ ಕಾರಣ ಅದು ಎಲ್ಲ ಸಂದರ್ಭಗಳಲ್ಲೂ ಒಂದೇ ರೀತಿ ನಡೆದುಕೊಳ್ಳುತ್ತದೆ.

ನಾಲ್ಕು ಕಿಲೋಬೈಟ್ ಎಂದರೆ ಎಷ್ಟು ಮಹಾ ಎನ್ನಿಸಬಹುದು. ಆದರೆ ಡ್ರೈವು ಜಾಗವನ್ನು ಹಂಚುವುದು ತುಣುಕುಗಳ ಲೆಕ್ಕದಲ್ಲಿ. 32 ಗಿಗಾಬೈಟಿಗಿಂತ ದೊಡ್ಡ ಡ್ರೈವನ್ನು ವಿಂಡೋಸ್‌ನಲ್ಲಿ ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿದರೆ ಒಂದು ತುಣುಕು ಸಾಮಾನ್ಯವಾಗಿ 128 ಕಿಲೋಬೈಟ್. ಫೈಲು ಎಷ್ಟೇ ಚಿಕ್ಕದಿರಲಿ, ಒಂದು ಇಡೀ ತುಣುಕನ್ನು ಅದು ಹಿಡಿದುಕೊಳ್ಳುತ್ತದೆ. ಅಂಥ ಡ್ರೈವಿನಲ್ಲಿ ಸಾವಿರ ಹಾಡುಗಳಿಗೆ ಸಾವಿರ ‘._’ ಫೈಲುಗಳಾದರೆ ಸುಮಾರು 125 ಮೆಗಾಬೈಟ್ ಜಾಗ ಹೋಯಿತು. ಇದಕ್ಕಿಂತ ದೊಡ್ಡ ತೊಂದರೆ ಹಳೆಯ ಫ್ಯಾಟ್16 ಕಾರ್ಡುಗಳಲ್ಲಿದೆ. ಅವುಗಳ ಮೂಲ ಫೋಲ್ಡರಿನಲ್ಲಿ ಸಾಮಾನ್ಯವಾಗಿ 512 ನಮೂದುಗಳಿಗಷ್ಟೇ ಅವಕಾಶ. ಉದ್ದದ ಹೆಸರಾದರೆ ಪ್ರತಿ 13 ಅಕ್ಷರಗಳಿಗೆ ಒಂದೊಂದು ನಮೂದು ಹೆಚ್ಚುವರಿಯಾಗಿ ಬೇಕು. ಹಾಡುಗಳಿಗೆ ಜೊತೆಗಾರ ಫೈಲುಗಳೂ ಸೇರಿದರೆ, ಕಾರ್ಡಿನಲ್ಲಿ ಜಾಗ ಬೇಕಾದಷ್ಟು ಇದ್ದರೂ ಹೊಸ ಫೈಲು ಹಾಕಲು ಆಗುವುದಿಲ್ಲ. ಫೈಲುಗಳನ್ನು ಒಳಗಿನ ಒಂದು ಫೋಲ್ಡರಿನಲ್ಲಿ ಹಾಕಿದರೆ ಈ ಮಿತಿ ಅಡ್ಡಬರುವುದಿಲ್ಲ.

‘._’ ಫೈಲನ್ನು ಅಳಿಸಿದರೆ ಹಾಡಿಗೆ, ಚಿತ್ರಕ್ಕೆ, ಪಿಡಿಎಫ್‌ಗೆ ಏನೂ ಆಗುವುದಿಲ್ಲ. ಟ್ಯಾಗು, ವಿಶೇಷ ಐಕಾನುಗಳಂಥವು ಮಾತ್ರ ಹೋಗುತ್ತವೆ. ಒಂದು ಅಪವಾದವನ್ನು ಮಾತ್ರ ಒತ್ತಿ ಹೇಳಬೇಕು. ಹಳೆಯ ಮ್ಯಾಕ್ ಫಾಂಟುಗಳಲ್ಲಿ, ಮುಖ್ಯವಾಗಿ ಮುದ್ರಣ ಕ್ಷೇತ್ರದಲ್ಲಿ ಬಳಕೆಯಲ್ಲಿದ್ದ ಪೋಸ್ಟ್‌ಸ್ಕ್ರಿಪ್ಟ್ ಫಾಂಟುಗಳಲ್ಲಿ, ಇಡೀ ಫಾಂಟು ಇರುವುದೇ ಎರಡನೆಯ ಭಾಗದಲ್ಲಿ. ಅಂಥ ಫಾಂಟನ್ನು ಪೆನ್ ಡ್ರೈವಿಗೆ ಹಾಕಿದಾಗ ಮುಖ್ಯ ಫೈಲಿನ ಗಾತ್ರ ಸೊನ್ನೆ ಎಂದು ತೋರುತ್ತದೆ, ಎಲ್ಲ ತಿರುಳೂ ‘._’ ಫೈಲಿನಲ್ಲಿರುತ್ತದೆ. ಅದನ್ನು ಕಸ ಎಂದು ತಿಳಿದು ಅಳಿಸಿದರೆ ಫಾಂಟೇ ಹೋಯಿತು. ಹಳೆಯ ವಿನ್ಯಾಸದ ಫೈಲುಗಳನ್ನು ಕಾಪಾಡಿಕೊಂಡು ಬಂದವರು ಇದನ್ನು ನೆನಪಿನಲ್ಲಿಡಬೇಕು. ಇಂಥವನ್ನು ಒಯ್ಯುವಾಗ ಮ್ಯಾಕಿನಲ್ಲೇ ಜಿಪ್ ಮಾಡಿ ಒಯ್ಯುವುದು ಕ್ಷೇಮ. ಮ್ಯಾಕಿನಲ್ಲಿ ಮಾಡಿದ ಜಿಪ್ ಅನ್ನು ವಿಂಡೋಸ್‌ನಲ್ಲಿ ಬಿಚ್ಚಿದಾಗ ಕಾಣುವ ‘__ಮ್ಯಾಕ್‌ಓಎಸ್‌ಎಕ್ಸ್’ ಎಂಬ ಫೋಲ್ಡರಿನಲ್ಲಿ ಇರುವುದೂ ಇದೇ ಜೊತೆಗಾರ ಫೈಲುಗಳು.

ಮ್ಯಾಕ್ ಬಿಟ್ಟುಹೋಗುವ ಉಳಿದವುಗಳಲ್ಲಿ ‘.ಡಿಎಸ್_ಸ್ಟೋರ್’ ಎಲ್ಲರಿಗೂ ಪರಿಚಿತ. ಫೋಲ್ಡರನ್ನು ಫೈಂಡರಿನಲ್ಲಿ (ಮ್ಯಾಕಿನಲ್ಲಿ ಫೈಲುಗಳನ್ನು ತೋರಿಸುವ ಕಿಟಕಿ) ತೆರೆದಾಗ ಐಕಾನುಗಳು ಎಲ್ಲಿದ್ದವು, ಪಟ್ಟಿಯಾಗಿ ತೋರಿಸಬೇಕೇ, ಚಿತ್ರಗಳಾಗಿ ತೋರಿಸಬೇಕೇ ಎಂಬುದನ್ನು ಅದು ನೆನಪಿಡುತ್ತದೆ. ಅಳಿಸಿದರೆ ನಷ್ಟವಿಲ್ಲ, ಮತ್ತೆ ಹುಟ್ಟುತ್ತದೆ. ಆದರೆ ಅದರೊಳಗೆ ಆ ಫೋಲ್ಡರಿನಲ್ಲಿದ್ದ ಫೈಲುಗಳ ಹೆಸರುಗಳಿರುತ್ತವೆ. ಫೈಲನ್ನು ತೆಗೆದುಹಾಕಿದ ಮೇಲೂ ಹೆಸರು ಅಲ್ಲಿ ಉಳಿದಿರಬಹುದು.

‘.ಸ್ಪಾಟ್‌ಲೈಟ್-ವಿ100’ ಎಂಬ ಫೋಲ್ಡರ್ ಹುಡುಕಾಟದ ಸೂಚಿ. ಸ್ಪಾಟ್‌ಲೈಟ್ ಹುಡುಕಾಟ 2005ರಲ್ಲಿ ಮ್ಯಾಕ್ ಓಎಸ್ ಎಕ್ಸ್ 10.4ರೊಂದಿಗೆ ಬಂತು. ಡ್ರೈವು ಜೋಡಿಸಿದೊಡನೆ ಅದರಲ್ಲಿರುವ ಫೈಲುಗಳ ಹೆಸರು, ಅವುಗಳ ವಿವರ, ದಾಖಲೆಗಳ ಒಳಗಿನ ಪದಗಳು ಎಲ್ಲವನ್ನೂ ಓದಿ ಸೂಚಿ ತಯಾರಿಸುತ್ತದೆ, ಆ ಸೂಚಿಯನ್ನು ಆ ಡ್ರೈವಿನಲ್ಲೇ ಇಡುತ್ತದೆ. ‘.ಎಫ್‌ಎಸ್‌ಇವೆಂಟ್ಸ್‌ಡಿ’ ಎಂಬುದು ದಿನಚರಿ. ಡ್ರೈವಿನಲ್ಲಿ ಯಾವ ಫೈಲು ಹುಟ್ಟಿತು, ಯಾವುದರ ಹೆಸರು ಬದಲಾಯಿತು, ಯಾವುದು ಅಳಿಯಿತು ಎಂಬುದನ್ನು ಅದು ಬರೆದುಕೊಳ್ಳುತ್ತದೆ. ಬ್ಯಾಕಪ್ ತಂತ್ರಾಂಶಗಳಿಗೆ ಇದು ಬಹಳ ಉಪಯುಕ್ತ. ಬದಲಾದ ಫೈಲುಗಳನ್ನಷ್ಟೇ ನಕಲು ಮಾಡಿದರೆ ಸಾಕು ಎಂಬುದು ಅವುಗಳಿಗೆ ಇದರಿಂದಲೇ ತಿಳಿಯುತ್ತದೆ. ಡಿಜಿಟಲ್ ಅಪರಾಧ ತನಿಖೆ ಮಾಡುವವರು ಕೂಡ ಈ ದಿನಚರಿಯನ್ನು ಕುತೂಹಲದಿಂದ ಓದುತ್ತಾರೆ.

ನಿಮ್ಮ ಡ್ರೈವಿನಲ್ಲಿ ಜಾಗ ಖಾಲಿಯಾಗದಿರಲು ಕಾರಣ ‘.ಟ್ರ್ಯಾಶಸ್’. ಮ್ಯಾಕಿನಲ್ಲಿ ಪೆನ್ ಡ್ರೈವಿನ ಫೈಲನ್ನು ಕಸದ ಬುಟ್ಟಿಗೆ ಹಾಕಿದರೆ ಅದು ಕಂಪ್ಯೂಟರಿನ ಒಳಗಿನ ಬುಟ್ಟಿಗೆ ಹೋಗುವುದಿಲ್ಲ, ಆ ಡ್ರೈವಿನಲ್ಲೇ ಇರುವ ಅಡಗಿದ ಬುಟ್ಟಿಗೆ ಹೋಗುತ್ತದೆ. ದೊಡ್ಡ ವಿಡಿಯೊವನ್ನು ಬೇರೆ ಡಿಸ್ಕಿಗೆ ನಕಲು ಮಾಡುತ್ತಾ ಕೂರುವ ಅಗತ್ಯವಿಲ್ಲದಂತೆ ಹೀಗೆ ಮಾಡಲಾಗಿದೆ. ಬುಟ್ಟಿಯನ್ನು ಖಾಲಿ ಮಾಡದೆ ಡ್ರೈವನ್ನು ಕಿತ್ತುಕೊಂಡರೆ ವಿಡಿಯೊಗಳು ಅದರಲ್ಲೇ ಸುಖವಾಗಿ ಕುಳಿತಿರುತ್ತವೆ, ಬೇರೆ ಯಂತ್ರದಲ್ಲಿ ಸುಲಭವಾಗಿ ಕಾಣುವುದೂ ಇಲ್ಲ. ಡ್ರೈವನ್ನು ಮತ್ತೆ ಮ್ಯಾಕಿಗೆ ಜೋಡಿಸಿ, ಅದು ಜೋಡಿಸಿರುವಾಗಲೇ ಬುಟ್ಟಿಯನ್ನು ಖಾಲಿ ಮಾಡಿ. ಮುಂದೆ ಪೆನ್ ಡ್ರೈವಿನಿಂದ ಅಳಿಸುವಾಗ ಆಪ್ಷನ್, ಕಮಾಂಡ್, ಡಿಲೀಟ್ ಮೂರು ಕೀಲಿಗಳನ್ನೂ ಒಟ್ಟಿಗೆ ಒತ್ತಿದರೆ ಬುಟ್ಟಿಗೆ ಹೋಗದೆ ನೇರವಾಗಿ ಅಳಿಯುತ್ತದೆ.

ಲಿನಕ್ಸ್‌ನಲ್ಲೂ ಹೀಗೆಯೇ. ಅಲ್ಲಿ ಬುಟ್ಟಿಯ ಹೆಸರು ‘.ಟ್ರ್ಯಾಶ್-1000’. ಆ ಸಂಖ್ಯೆ ಬಳಕೆದಾರರದ್ದು, ಹಲವು ಲಿನಕ್ಸ್‌ಗಳಲ್ಲಿ ಮೊದಲ ಬಳಕೆದಾರರಿಗೆ 1000 ಸಿಗುತ್ತದೆ. ಬುಟ್ಟಿಗೆ ಹೋದ ಪ್ರತಿ ಫೈಲಿನ ಜೊತೆ ಅದು ಮೊದಲು ಎಲ್ಲಿತ್ತು, ಯಾವ ದಿನ ಎಷ್ಟು ಗಂಟೆಗೆ ಅಳಿಸಿದಿರಿ ಎಂಬುದು ಸರಳ ಪಠ್ಯದಲ್ಲಿ ಬರೆದಿರುತ್ತದೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಪೆನ್ ಡ್ರೈವಿಗೆ ಬುಟ್ಟಿ ಇರುವುದಿಲ್ಲ, ಅಳಿಸಿದ್ದು ನೇರವಾಗಿ ಹೋಗುತ್ತದೆ. ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕಿಗೆ ಮಾತ್ರ ‘$ರೀಸೈಕಲ್.ಬಿನ್’ ಎಂಬ ಬುಟ್ಟಿ ಇರುತ್ತದೆ. ಅದೂ ಹಳೆಯ ಜಾಗ, ಗಾತ್ರ, ಅಳಿಸಿದ ಸಮಯ ಎಲ್ಲವನ್ನೂ ದಾಖಲಿಸುತ್ತದೆ.

ಇನ್ನು ‘ಸಿಸ್ಟಂ ವಾಲ್ಯೂಮ್ ಇನ್ಫರ್ಮೇಶನ್’. ಇದರ ಬಗ್ಗೆ ಎರಡು ಮಾತು ಬೇರೆ ಬೇರೆಯಾಗಿ ಹೇಳಬೇಕು, ಏಕೆಂದರೆ ಪೆನ್ ಡ್ರೈವಿನಲ್ಲಿ ಅದು ಕ್ಷುಲ್ಲಕ, ಕಂಪ್ಯೂಟರಿನ ಡಿಸ್ಕಿನಲ್ಲಿ ಅತ್ಯಂತ ಮಹತ್ವದ್ದು. ಪೆನ್ ಡ್ರೈವಿನಲ್ಲಿ ಅದರೊಳಗೆ ಒಂದೆರಡು ಪುಟ್ಟ ಫೈಲುಗಳಿರುತ್ತವೆ. ಅವುಗಳಲ್ಲಿ ಒಂದು, ಈ ಡ್ರೈವನ್ನು ಮುಂದಿನ ಸಲ ಗುರುತಿಸಲು ವಿಂಡೋಸ್ ಹುಡುಕಾಟ ಬರೆದುಕೊಂಡ ಗುರುತಿನ ಸಂಖ್ಯೆ. ಗಾತ್ರ ನೂರು ಬೈಟೂ ಇಲ್ಲ. ಅಳಿಸಿದರೆ ಏನೂ ಕೆಡುವುದಿಲ್ಲ, ಮುಂದಿನ ಸಲ ಜೋಡಿಸಿದಾಗ ಮತ್ತೆ ಬರುತ್ತದೆ. ಆದರೆ ಕಂಪ್ಯೂಟರಿನ ಒಳಗಿನ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಇದೇ ಹೆಸರಿನ ಫೋಲ್ಡರಿನಲ್ಲಿ ಸಿಸ್ಟಂ ರಿಸ್ಟೋರಿನ, ಅಂದರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸುವ ಸೌಲಭ್ಯದ, ಪ್ರತಿಗಳಿರುತ್ತವೆ. ವಿಂಡೋಸ್ ಸರ್ವರಿನಲ್ಲಿ ಜಾಗ ಉಳಿಸಲು ಡಿಡೂಪ್ಲಿಕೇಶನ್ (ಒಂದೇ ದತ್ತಾಂಶ ಹಲವೆಡೆ ಇದ್ದರೆ ಒಮ್ಮೆ ಮಾತ್ರ ಇಡುವ ಸೌಲಭ್ಯ) ಚಾಲೂ ಮಾಡಿದ್ದರೆ, ಫೈಲುಗಳ ನಿಜವಾದ ದತ್ತಾಂಶವೇ ಈ ಫೋಲ್ಡರಿನೊಳಗೆ ಇರುತ್ತದೆ. ಹೊರಗೆ ಕಾಣುವವು ಅದನ್ನು ತೋರಿಸುವ ಕೈಮರಗಳು ಮಾತ್ರ. ಅಲ್ಲಿ ಬಲವಂತವಾಗಿ ಈ ಫೋಲ್ಡರನ್ನು ಅಳಿಸಿದರೆ ಇಡೀ ಡಿಸ್ಕಿನ ದಾಖಲೆಗಳು ಹಾಳಾಗುತ್ತವೆ. ಪೆನ್ ಡ್ರೈವಿನಲ್ಲಿ ಕಲಿತ ಅಭ್ಯಾಸವನ್ನು ದಯವಿಟ್ಟು ಅಲ್ಲಿಗೆ ಒಯ್ಯಬೇಡಿ.

ವಿಂಡೋಸ್‌ನ ‘ಡೆಸ್ಕ್‌ಟಾಪ್.ಐಎನ್‌ಐ’ ಫೋಲ್ಡರಿನ ಐಕಾನು ಮತ್ತು ಹೆಸರನ್ನು ಬದಲಾಯಿಸಿ ತೋರಿಸಲು ಇರುವುದು. ‘ಥಂಬ್ಸ್.ಡಿಬಿ’ ಎಂಬುದು ಚಿತ್ರಗಳ ಚಿಕ್ಕ ಪ್ರತಿಗಳ ಸಂಗ್ರಹ. ವಿಸ್ತಾ ಎಂಬ ಆವೃತ್ತಿಯಿಂದ ಈಚೆಗೆ ವಿಂಡೋಸ್ ಇವುಗಳನ್ನು ಕಂಪ್ಯೂಟರಿನಲ್ಲೇ ಒಂದೆಡೆ ಇಡುವುದರಿಂದ ಪೆನ್ ಡ್ರೈವುಗಳಲ್ಲಿ ಇದು ಅಪರೂಪ. ಹಳೆಯ ಡ್ರೈವಿನಲ್ಲಿ ಸಿಕ್ಕರೆ, ಅಳಿಸಿಹೋದ ಫೋಟೊಗಳ ಚಿಕ್ಕ ಪ್ರತಿಗಳು ಅದರಲ್ಲಿ ಉಳಿದಿರುವ ಸಾಧ್ಯತೆ ಇದೆ.

ಇವೆಲ್ಲಕ್ಕಿಂತ ಬೇರೆ ಜಾತಿಯವು ‘ಫೌಂಡ್.000’, ‘ಲಾಸ್ಟ್.ಡಿಐಆರ್’ ಮತ್ತು ಲಿನಕ್ಸ್ ಡಿಸ್ಕುಗಳ ‘ಲಾಸ್ಟ್+ಫೌಂಡ್’. ಇವುಗಳಲ್ಲಿ ಮೊದಲನೆಯದು ಕಂಡರೆ, ಅಥವಾ ಎರಡನೆಯದರಲ್ಲಿ ಫೈಲುಗಳಿದ್ದರೆ (ಖಾಲಿ ಫೋಲ್ಡರನ್ನು ಆಂಡ್ರಾಯ್ಡ್ ತಾನೇ ಮಾಡಿಡುತ್ತದೆ), ಡ್ರೈವಿಗೆ ಬರೆಯುತ್ತಿರುವಾಗಲೇ ಯಾರೋ ಅದನ್ನು ಕಿತ್ತಿದ್ದಾರೆ ಅಥವಾ ವಿದ್ಯುತ್ ಹೋಗಿದೆ ಎಂದು ಊಹಿಸಬಹುದು. ಡ್ರೈವನ್ನು ಪರೀಕ್ಷಿಸಿದ ವಿಂಡೋಸ್ ಅಥವಾ ಆಂಡ್ರಾಯ್ಡ್‌ಗೆ ಯಾವ ಹೆಸರಿಗೂ ಸೇರದ ತುಣುಕುಗಳು ಸಿಕ್ಕಿರುತ್ತವೆ, ಅವುಗಳನ್ನು ಎಸೆಯದೆ ಇಲ್ಲಿ ಇಟ್ಟಿರುತ್ತದೆ. ಅಂದರೆ ಇದರಲ್ಲಿರುವುದು ನಿಮ್ಮದೇ ದತ್ತಾಂಶ. ಫೋಟೊ ಕಳೆದಿದ್ದರೆ ಮೊದಲು ಇಲ್ಲಿ ನೋಡಬೇಕು. ಆ ಫೈಲುಗಳ ಪ್ರತಿ ತೆಗೆದುಕೊಂಡು, ಪ್ರತಿಯ ಹೆಸರಿನ ಕೊನೆಯನ್ನು ‘ಜೆಪಿಜಿ’ ಎಂದು ಬದಲಾಯಿಸಿ ತೆರೆದರೆ ಕೆಲವೊಮ್ಮೆ ಚಿತ್ರ ಇಡಿಯಾಗಿ ಸಿಗುತ್ತದೆ. ‘ಲಾಸ್ಟ್+ಫೌಂಡ್’ ಮಾತ್ರ ಡಿಸ್ಕನ್ನು ಸಿದ್ಧಪಡಿಸುವಾಗಲೇ ಹುಟ್ಟುತ್ತದೆ, ಅದು ಖಾಲಿ ಇದ್ದರೆ ಗಾಬರಿಯಾಗಬೇಕಿಲ್ಲ, ಅಳಿಸುವುದೂ ಬೇಡ. ಆಂಡ್ರಾಯ್ಡ್ ಕಾರ್ಡಿನಲ್ಲಿ ‘.ನೋಮೀಡಿಯಾ’ ಎಂಬ ಖಾಲಿ ಫೈಲು ಸಿಕ್ಕರೆ ಅದನ್ನೂ ಹಾಗೇ ಬಿಡಿ. ಆ ಫೋಲ್ಡರಿನ ಚಿತ್ರಗಳನ್ನು ಗ್ಯಾಲರಿಯಲ್ಲಿ ತೋರಿಸಬೇಡ ಎಂಬ ಸೂಚನೆ ಅದು. ಅಳಿಸಿದರೆ ಆ ಚಿತ್ರಗಳೆಲ್ಲ ಗ್ಯಾಲರಿಗೆ ಬಂದು ಕೂರುತ್ತವೆ.

ಹಾಗಾದರೆ ನಿಜವಾದ ವೈರಸ್ಸನ್ನು ಗುರುತಿಸುವುದು ಹೇಗೆ? ನಿಮ್ಮ ಭಯಕ್ಕೆ ಆಧಾರವಿಲ್ಲದೆ ಇಲ್ಲ. 2008ರ ಕೊನೆಯಲ್ಲಿ ಹರಡಿದ ಕಾನ್‌ಫಿಕರ್ ಎಂಬ ದುಷ್ಟ ತಂತ್ರಾಂಶ ಪೆನ್ ಡ್ರೈವಿನಲ್ಲಿ ಕಸದ ಬುಟ್ಟಿಯನ್ನೇ ಹೋಲುವ ‘ರೀಸೈಕ್ಲರ್’ ಫೋಲ್ಡರಿನಲ್ಲಿ ಅಡಗಿ, ‘ಆಟೋರನ್.ಐಎನ್‌ಎಫ್’ ಎಂಬ ಫೈಲಿನ ಮೂಲಕ ತಾನೇ ಚಾಲೂ ಆಗುವಂತೆ ಮಾಡಿಕೊಂಡಿತ್ತು. ವಿಂಡೋಸ್ 7ರಲ್ಲಿ ಪೆನ್ ಡ್ರೈವುಗಳಿಗೆ ಈ ತಾನೇ ಚಾಲೂ ಆಗುವ ಸೌಲಭ್ಯವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. 2011ರ ಫೆಬ್ರವರಿಯಲ್ಲಿ ಎಕ್ಸ್‌ಪಿ ಮತ್ತು ವಿಸ್ತಾಗಳಿಗೂ ಅದನ್ನು ಅಪ್‌ಡೇಟ್ ಮೂಲಕ ತಲುಪಿಸಿತು. ಇಂದಿಗೂ ಕಾಣುವ ಇನ್ನೊಂದು ವಿಧವೆಂದರೆ, ನಿಮ್ಮ ಫೋಲ್ಡರುಗಳಿಗೆಲ್ಲ ಅಡಗಿಸುವ ಬಿಟ್ ಹಾಕಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಮುಂದಿಡುವುದು. ನೀವು ಫೋಲ್ಡರ್ ಎಂದು ತಿಳಿದು ಒತ್ತಿದರೆ ಚಾಲೂ ಆಗುವುದು ವೈರಸ್. ಆದ್ದರಿಂದ ನನ್ನ ಅಳತೆಗೋಲು ಇಷ್ಟೇ. ಹೆಸರು ವಿಚಿತ್ರವಾಗಿದೆ ಎಂಬುದು ಅನುಮಾನಕ್ಕೆ ಕಾರಣವಲ್ಲ. ಪೆನ್ ಡ್ರೈವಿನಲ್ಲಿ ‘ಆಟೋರನ್.ಐಎನ್‌ಎಫ್’ ಇರುವುದು, ಫೋಲ್ಡರುಗಳ ಐಕಾನಿನ ಮೂಲೆಯಲ್ಲಿ ಶಾರ್ಟ್‌ಕಟ್ಟಿನ ಬಾಣ ಕಾಣುವುದು, ನೀವು ಹಾಕದ ಚಾಲನಾ ಫೈಲು ಇರುವುದು, ಇವು ಕಾರಣಗಳು. ಅಂಥದ್ದು ಕಂಡರೆ ಏನನ್ನೂ ಒತ್ತದೆ ಆಂಟಿವೈರಸ್ ಓಡಿಸಿ. ಅಡಗಿಹೋದ ಫೋಲ್ಡರುಗಳನ್ನು ಆಮೇಲೆ ಗುಣಲಕ್ಷಣ ಬದಲಾಯಿಸಿ ಮರಳಿ ಕಾಣಿಸಬಹುದು, ಅವು ಅಳಿದಿರುವುದಿಲ್ಲ.

ಇದನ್ನು ನೀವೇ ಪರೀಕ್ಷಿಸಲು ಅಡಗಿದ್ದು ಕಾಣಬೇಕು. ಮ್ಯಾಕಿನ ಫೈಂಡರಿನಲ್ಲಿ ಕಮಾಂಡ್, ಶಿಫ್ಟ್ ಮತ್ತು ಚುಕ್ಕೆಯ ಕೀಲಿಗಳನ್ನು ಒಟ್ಟಿಗೆ ಒತ್ತಿ. ವಿಂಡೋಸ್‌ನಲ್ಲಿ ‘ವ್ಯೂ’ ಮೆನುವಿನಲ್ಲಿ ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆ ಇದೆ. ಆದರೆ ‘ಸಿಸ್ಟಂ’ ಬಿಟ್ ಕೂಡ ಇರುವ ಫೈಲುಗಳಿಗೆ ಅದು ಸಾಲದು, ಫೋಲ್ಡರ್ ಆಯ್ಕೆಗಳಲ್ಲಿ ಸಂರಕ್ಷಿತ ಫೈಲುಗಳನ್ನು ಮರೆಮಾಡುವ ಗುರುತನ್ನೂ ತೆಗೆಯಬೇಕು. ನೋಡಿದ ಮೇಲೆ ಅದನ್ನು ಮರಳಿ ಹಾಕಿ. ಲಿನಕ್ಸ್‌ನ ಹಲವು ಫೈಲ್ ಮ್ಯಾನೇಜರುಗಳಲ್ಲಿ ಕಂಟ್ರೋಲ್ ಮತ್ತು ಎಚ್.

ಈಗ ನಿಮ್ಮ ಕೆಲಸ. ಹಾಡುಗಳ ಡ್ರೈವನ್ನು ಮ್ಯಾಕಿಗೆ ಜೋಡಿಸಿ, ಕಸದ ಬುಟ್ಟಿ ಖಾಲಿ ಮಾಡಿ. ನಂತರ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆಯಿರಿ. ಮ್ಯಾಕಿನಲ್ಲೇ ‘ಡಾಟ್_ಕ್ಲೀನ್’ ಎಂಬ ಆಜ್ಞೆ ಇದೆ. ಅದನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಅಂಡರ್‌ಸ್ಕೋರ್ ಚಿಹ್ನೆಯೊಂದಿಗೆ ಬರೆದು, ಜಾಗ ಬಿಟ್ಟು ‘-ಎಂ’ ಎಂಬ ಆಯ್ಕೆ ಸೇರಿಸಿ, ಮತ್ತೆ ಜಾಗ ಬಿಟ್ಟು, ಡ್ರೈವಿನ ಐಕಾನನ್ನು ಎಳೆದು ಟರ್ಮಿನಲ್ ಕಿಟಕಿಯಲ್ಲಿ ಬಿಡಿ. ಡ್ರೈವಿನ ವಿಳಾಸ ತಾನಾಗಿ ಬರುತ್ತದೆ. ಎಂಟರ್ ಒತ್ತಿದರೆ ‘._’ ಫೈಲುಗಳು ಹೋಗುತ್ತವೆ. ಮುಗಿದ ಕೂಡಲೇ ಇಜೆಕ್ಟ್ ಮಾಡಿ. ಟರ್ಮಿನಲ್ ಬೇಡವೆಂದರೆ ವಿಂಡೋಸ್‌ನಲ್ಲಿ ಹಾಡುಗಳ ಫೋಲ್ಡರನ್ನು ತೆರೆದು ಗಾತ್ರದ ಪ್ರಕಾರ ಜೋಡಿಸಿ. 4 ಕಿಲೋಬೈಟಿನವು ಒಂದೇ ಕಡೆ ಗುಂಪಾಗಿ ಸಿಗುತ್ತವೆ, ಹೆಸರಿನ ಮೊದಲು ‘._’ ಇದೆಯೆಂದು ನೋಡಿಕೊಂಡು ಅಳಿಸಿ.

ಮುಂದೆ ಸೂಚಿ, ದಿನಚರಿ, ಕಸದ ಬುಟ್ಟಿಗಳು ಹುಟ್ಟದಂತೆ ತಡೆಯಲೂ ದಾರಿಗಳಿವೆ. ಡ್ರೈವಿನ ಮೂಲ ಫೋಲ್ಡರಿನಲ್ಲಿ ‘.ಮೆಟಾಡೇಟಾ_ನೆವರ್_ಇಂಡೆಕ್ಸ್’ ಎಂಬ ಖಾಲಿ ಫೈಲು ಇದ್ದರೆ ಸ್ಪಾಟ್‌ಲೈಟ್ ಸೂಚಿ ಮಾಡುವುದಿಲ್ಲ. ದಿನಚರಿಯ ಫೋಲ್ಡರಿನಲ್ಲಿ ‘ನೋ_ಲಾಗ್’ ಎಂಬ ಖಾಲಿ ಫೈಲು ಇಟ್ಟರೆ ದಿನಚರಿ ಬರೆಯುವುದು ನಿಲ್ಲುತ್ತದೆ. ಕಸದ ಬುಟ್ಟಿಯ ಹೆಸರಿನಲ್ಲೇ ಫೋಲ್ಡರಿನ ಬದಲು ಒಂದು ಫೈಲು ಮಾಡಿಟ್ಟರೆ ಆ ಜಾಗದಲ್ಲಿ ಬುಟ್ಟಿ ಹುಟ್ಟಲಾರದು. ಪ್ರತಿ ವಾರ ಹಾಡು ಬದಲಾಯಿಸುವವರಿಗೆ ಈ ಶ್ರಮ ಸಾರ್ಥಕ. ಅಪರೂಪಕ್ಕೊಮ್ಮೆ ಬಳಸುವವರಿಗೆ ಕೊನೆಯಲ್ಲಿ ಒಮ್ಮೆ ಶುಚಿ ಮಾಡುವುದೇ ಸಾಕು ಎಂಬುದು ನನ್ನ ಅಭಿಪ್ರಾಯ.

ಬೇರೆಯವರಿಗೆ ಕೊಡುವ ವಿಷಯಕ್ಕೆ ಬಂದರೆ, ಒಂದೊಂದೇ ಅಡಗಿದ ಫೈಲನ್ನು ಹುಡುಕಿ ಅಳಿಸುತ್ತಾ ಕೂರಬೇಡಿ. ಯಾವುದೋ ಒಂದು ಉಳಿದೇ ಉಳಿಯುತ್ತದೆ. ಬೇಕಾದ್ದನ್ನು ಬೇರೆಡೆ ಇಟ್ಟುಕೊಂಡು ಇಡೀ ಡ್ರೈವನ್ನು ಫಾರ್ಮ್ಯಾಟ್ ಮಾಡಿ. ವಿಂಡೋಸ್‌ನಲ್ಲಿ ಮಾಡುವಾಗ ‘ಕ್ವಿಕ್ ಫಾರ್ಮ್ಯಾಟ್’ ಎಂಬ ಗುರುತನ್ನು ತೆಗೆದುಬಿಡಿ. ಅದು ಇದ್ದರೆ ಪಟ್ಟಿ ಮಾತ್ರ ಹೊಸದಾಗುತ್ತದೆ, ಹಳೆಯ ದತ್ತಾಂಶ ಹಾಗೇ ಇರುತ್ತದೆ, ಸಾಮಾನ್ಯ ತಂತ್ರಾಂಶಗಳಿಂದಲೇ ಅದನ್ನು ಮರಳಿ ಪಡೆಯಬಹುದು. ಗುರುತು ತೆಗೆದರೆ ವಿಸ್ತಾದಿಂದ ಈಚಿನ ವಿಂಡೋಸ್‌ಗಳು ಇಡೀ ಡ್ರೈವಿನ ಮೇಲೆ ಸೊನ್ನೆಗಳನ್ನು ಬರೆಯುತ್ತವೆ. ಸಮಯ ಹಿಡಿಯುತ್ತದೆ, ತಾಳ್ಮೆಯಿಂದ ಕಾಯಿರಿ. ಇದೂ ಪರಿಪೂರ್ಣವಲ್ಲ. ಪೆನ್ ಡ್ರೈವಿನ ಒಳಗಿನ ನಿಯಂತ್ರಕ ಸವೆತವನ್ನು ಹಂಚಲು ಬರಹವನ್ನು ಆಗಾಗ ಬೇರೆ ಕೋಶಗಳಿಗೆ ಸಾಗಿಸುತ್ತಿರುತ್ತದೆ, ಹಾಗಾಗಿ ಹೊರಗಿನಿಂದ ತಲುಪಲಾಗದ ಕೋಶಗಳಲ್ಲಿ ಹಳೆಯ ತುಣುಕು ಉಳಿಯಬಹುದು. ಹಾಡು, ಸಾಮಾನ್ಯ ಫೋಟೊಗಳಿದ್ದ ಡ್ರೈವಿಗೆ ಈ ಚಿಂತೆ ಬೇಡ. ಬ್ಯಾಂಕಿನ ಕಾಗದ, ವೈದ್ಯಕೀಯ ವರದಿ, ಗುರುತಿನ ಚೀಟಿಯ ಪ್ರತಿಗಳು ಒಮ್ಮೆಯಾದರೂ ಅದರಲ್ಲಿದ್ದರೆ ಆ ಡ್ರೈವನ್ನು ನಿಮ್ಮಲ್ಲೇ ಇಟ್ಟುಕೊಂಡು ಅವರಿಗೆ ಹೊಸದನ್ನು ಕೊಡಿ. ಅಂಥ ದಾಖಲೆಗಳನ್ನು ಮುಂದೆಯೂ ಪೆನ್ ಡ್ರೈವಿನಲ್ಲಿ ಇಡಬೇಕಾದರೆ ಮೊದಲ ದಿನದಿಂದಲೇ ಇಡೀ ಡ್ರೈವನ್ನು ಎನ್‌ಕ್ರಿಪ್ಟ್ ಮಾಡಿ ಬಳಸಿ. ಆಗ ಸೂಚಿ, ದಿನಚರಿ, ಕಸದ ಬುಟ್ಟಿ ಎಲ್ಲವೂ ಬೀಗದ ಒಳಗೇ ಇರುತ್ತವೆ.

ಫಾರ್ಮ್ಯಾಟ್ ಮುಗಿಸಿ ಡ್ರೈವನ್ನು ಮತ್ತೆ ವಿಂಡೋಸ್‌ಗೆ ಹಾಕಿ ನೋಡಿದರೆ ‘ಸಿಸ್ಟಂ ವಾಲ್ಯೂಮ್ ಇನ್ಫರ್ಮೇಶನ್’ ಮತ್ತೆ ಕಾಣಿಸಬಹುದು. ಅದು ಆ ಕ್ಷಣದಲ್ಲಿ ಹೊಸದಾಗಿ ಹುಟ್ಟಿದ್ದು, ಅದರಲ್ಲಿ ನಿಮ್ಮ ಹಳೆಯ ಫೈಲುಗಳ ಸುದ್ದಿ ಏನೂ ಇರುವುದಿಲ್ಲ. ಹಾಗೇ ಕೊಡಬಹುದು.